ಕಾಯುವ ಬೀದಿ

"ಒಂದು ತೆಗೆದರೆ ಏನೂ ವ್ಯತ್ಯಾಸ ಆಗಲ್ಲ ಮೇಡಂ," ಎಂದು ಶೇಕಡಾ ಹೇಳಿದಾಗ ಅವಳು ಕಿಟಕಿಯ ಗಾಜಿನ ಮೇಲೆ ಹತ್ತುತ್ತಿದ್ದ ನೊಣವನ್ನು ನೋಡುತ್ತಿದ್ದಳು. ಅದು ಅರ್ಧದವರೆಗೆ ಹತ್ತುವುದು, ಜಾರುವುದು, ಮತ್ತೆ ಹತ್ತುವುದು ಮಾಡುತ್ತಿತ್ತು. ಕಿಟಕಿಯ ಇನ್ನೊಂದು ಬಾಗಿಲು ಪೂರ್ತಿ ತೆರೆದಿತ್ತು, ನೊಣಕ್ಕೆ ಅದು ಗೊತ್ತಿರಲಿಲ್ಲ. ಶೇಕಡಾನ ನಿಜವಾದ ಹೆಸರು ಕಚೇರಿಯಲ್ಲಿ ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಅಂಕಿ ಅಂಶದ ಕೆಲಸದವನು. ಊಟದ ಉಪ್ಪಿಗೂ ಶೇಕಡಾ ಇಷ್ಟು ಎಂದು ಲೆಕ್ಕ ಹೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಒಳ್ಳೆಯ ಮನುಷ್ಯ. ಈಗಲೂ ಪಕ್ಕದ ಮೇಜಿನವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ನೆಲ ನೋಡುತ್ತಾ ಮಾತಾಡುತ್ತಿದ್ದ. "ನಾನು ಎರಡೂ ರೀತಿ ಲೆಕ್ಕ ಹಾಕಿ ನೋಡಿದೀನಿ. ಇಟ್ಟರೂ ಅಷ್ಟೇ, ತೆಗೆದರೂ ಅಷ್ಟೇ. ಆದ್ರೆ ಇಟ್ಟರೆ ನಾಳೆ ಯಾರಾದ್ರೂ ಬಾಯಿಗೆ ಬಂದಂಗೆ ಅಂತಾರೆ. ಅಧ್ಯಯನ ಮಾಡಿದವರ ಸ್ವಂತ ತಂಗಿ ಮನೆಯೇ ಅದರಲ್ಲಿತ್ತಂತೆ ಅಂತ. ಆ ಮನೇನ ಪೂರ್ತಿ ಬಿಟ್ಟುಬಿಟ್ರೆ ಚೊಕ್ಕ ಆಗುತ್ತೆ."

ಚೊಕ್ಕ. ಗುಡಿಸಿ ಒರೆಸಿದ ಮನೆಯ ಹಾಗೆ. ಅವಳು "ಹೂಂ" ಎಂದಳು. ಅಂದ ಕೂಡಲೇ ಎದೆಯಿಂದ ಏನೋ ಇಳಿದ ಹಾಗಾಯಿತು. ಇಳಿದದ್ದು ನೆಮ್ಮದಿ ಎಂದು ಗೊತ್ತಾಗಿ, ಆ ನೆಮ್ಮದಿಗೆ ನಾಚಿಕೆಯಾಯಿತು. ಇನ್ನು ಸಭೆಯಲ್ಲಿ ಪರದೆಯ ಮೇಲೆ ಬರುವ ಯಾವ ಅಂಕಿಯ ಒಳಗೂ ಅವಳಿಗೆ ಗೊತ್ತಿರುವ ಮುಖ ಇರುವುದಿಲ್ಲ. ಶೇಕಡಾ ಹೋದ ಮೇಲೆ ನೊಣವನ್ನು ಕಾಗದದಿಂದ ಓಡಿಸಲು ನೋಡಿದಳು. ಅದು ತೆರೆದ ಬಾಗಿಲು ಬಿಟ್ಟು ಕೋಣೆಯ ಒಳಗೇ ಹಾರಿತು.

ಹೆರಿಗೆಯಾದ ಮನೆಗೆ ಅದೇ ಬೀದಿಯ, ತರಬೇತಿ ಪಡೆದ ಒಬ್ಬ ಹೆಂಗಸು ಮೊದಲ ತಿಂಗಳು ಆಗಾಗ ಹೋಗಿ ಕೂಸನ್ನು ನೋಡಿ ಬರುವುದು, ಅಪಾಯದ ಗುರುತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿಸುವುದು: ಇಷ್ಟೇ ಅವಳ ಯೋಜನೆ. ಇಷ್ಟರಿಂದಲೇ ಕೂಸುಗಳು ಉಳಿಯುತ್ತವೆಂದು ಬೇರೆ ದೇಶಗಳ ಅಧ್ಯಯನಗಳು ಹೇಳಿದ್ದವು. ಅಂಥವನ್ನು ಹುಡುಕಿ ಓದಿ, ಜಳ್ಳು ತೂರಿ ಕಾಳು ಉಳಿಸಿ, ನಗರದ ಆರೋಗ್ಯ ಇಲಾಖೆಗೆ ಯಾವುದು ಮಾಡಬೇಕು, ಯಾವುದು ಬಿಡಬೇಕು ಎಂದು ಬರೆದುಕೊಡುವುದು ಅವಳ ಉದ್ಯೋಗ. ಅವಳಿಗಿಂತ ಮುಂಚಿನವರಿಗೆ ಆ ಗೋಜು ಇರಲಿಲ್ಲ. ಯಾರಿಗೋ ಹೊಳೆದದ್ದನ್ನು ಊರಿಗೆಲ್ಲ ಹಂಚುತ್ತಿದ್ದರು. ಬಾಣಂತಿಯರಿಗೆ ವರ್ಷಗಟ್ಟಲೆ ಕೆಂಪು ಟಾನಿಕ್ಕು ಕುಡಿಸಿದ್ದರು. ನಾಲಿಗೆ ಕೆಂಪಾದದ್ದು ಬಿಟ್ಟರೆ ಅದರಿಂದ ಮತ್ತೇನೂ ಆಗಿರಲಿಲ್ಲವೆಂದು ತೋರಿಸಿ ಅದನ್ನು ನಿಲ್ಲಿಸಿದವಳು ಅವಳೇ. ಅಂದಿನಿಂದ ಸಮಿತಿಯವರಿಗೆ ಅವಳೆಂದರೆ ಒಂದು ಬಗೆಯ ಅಳುಕು, ಒಂದು ಬಗೆಯ ಸಿಟ್ಟು. ಮನೆಭೇಟಿಯ ಯೋಜನೆ ತಂದಾಗ ಅಧ್ಯಕ್ಷರು ಕುರ್ಚಿಗೆ ಒರಗಿ ಹೇಳಿದ್ದರು: "ಅವರ ಕೂಸುಗಳು ಬೇರೆ, ನಮ್ಮವು ಬೇರೆ. ಅಲ್ಲಿ ಆಗಿದ್ದು ಇಲ್ಲಿ ಆಗುತ್ತೆ ಅಂತ ಏನು ಗ್ಯಾರಂಟಿ? ಇಲ್ಲಿ ಮಾಡಿ ತೋರಿಸಿ ತಾಯಿ, ಆಮೇಲೆ ಒಪ್ಪೋಣ." ಕೂಸು ಎಲ್ಲಿದ್ದರೂ ಕೂಸೇ ಎಂದು ಅವಳು ಅಲ್ಲೇ ಜಗಳವಾಡಬಹುದಿತ್ತು. ಮೇಜು ಕುಟ್ಟಬಹುದಿತ್ತು. ಆಡಲಿಲ್ಲ, ಕುಟ್ಟಲಿಲ್ಲ. ಯಾಕೆಂದು ಈಚೆಗೆ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಹಲ್ಲುಜ್ಜುವಾಗ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಎಲ್ಲ ಬೀದಿಗೂ ಸಾಲುವಷ್ಟು ತರಬೇತಾದ ಹೆಂಗಸರು ಆಗ ಇರಲಿಲ್ಲ, ಅದು ನಿಜ. ಆದರೆ ಅಧ್ಯಕ್ಷರು 'ಇಲ್ಲಿ ಮಾಡಿ ತೋರಿಸಿ' ಎಂದ ಕ್ಷಣದಲ್ಲಿ ಒಳಗೆಲ್ಲೋ ಕಚಗುಳಿ ಇಟ್ಟ ಹಾಗೆ ಒಂದು ಸಂತೋಷ ಮೂಡಿದ್ದೂ ನಿಜ: ಬೇರೆಯವರದನ್ನು ಓದಿದ್ದು ಸಾಕು, ಇನ್ನು ತನ್ನದೇ ಒಂದು ಅಧ್ಯಯನ, ತನ್ನ ಹೆಸರಿನಲ್ಲಿ.

ಅರ್ಧ ಬೀದಿಗಳಿಗೆ ಈಗಲೇ ಭೇಟಿ, ಉಳಿದರ್ಧಕ್ಕೆ ಫಲಿತಾಂಶ ಬಂದ ಮೇಲೆ. ಯಾರ ಕಡೆಗೂ ವಾಲದಂತೆ ಚೀಟಿ ಎತ್ತುವುದೆಂದಾಯಿತು. ಟೈಪಿಸ್ಟ್ ಹೆಂಗಸು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ಎತ್ತಿದ್ದಳು. ಪ್ರತಿ ಚೀಟಿಗೂ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಮಕ್ಕಳ ಆಟದ ಹಾಗೆ. ಮೊದಲು ಬಂದವು ಭೇಟಿಯ ಬೀದಿಗಳು, ಡಬ್ಬಿಯಲ್ಲಿ ಉಳಿದವು ಕಾಯುವ ಬೀದಿಗಳು. ತಂಗಿಯ ಬೀದಿ ಡಬ್ಬಿಯಲ್ಲೇ ಉಳಿಯಿತು. ಅದರ ಎದುರಿನ ಬೀದಿ, ನಡುವೆ ಒಂದು ರಸ್ತೆ, ಚಪ್ಪಾಳೆ ಗಿಟ್ಟಿಸಿಕೊಂಡಿತು. ಆ ಸಂಜೆ ಫೋನಿನಲ್ಲಿ ಹೇಳಿದಾಗ ಬಸುರಿ ತಂಗಿ ನಕ್ಕಿದ್ದಳು. "ನಮ್ಮ ಹಣೆಬರಹ ಗೊತ್ತಿದ್ದೇ ಅಲ್ವೇನೆ. ನಲ್ಲಿ ನೀರೂ ಆ ಕಡೆಗೇ ಮೊದಲು ಬರೋದು." ಅವಳೂ ನಕ್ಕಿದ್ದಳು. ಬೀದಿಯ ಹೆಸರು ಕಂಡಾಗ ತನ್ನ ಮುಖದ ಒಂದು ನರವೂ ಅಲುಗಲಿಲ್ಲವೆಂಬುದು ಅಂದು ಅವಳಿಗೆ ಹೆಮ್ಮೆಯ ಸಂಗತಿಯಾಗಿತ್ತು.

ಸಭೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. "ಸ್ವಲ್ಪ ಆ ಕಡೆ ನಿಲ್ಲಿ ತಾಯಿ, ಗಾಳಿಗೆ ಅಡ್ಡ ಬರ್ತೀರಿ," ಎಂದರು ಅಧ್ಯಕ್ಷರು. ಉಳಿದವರು ನಕ್ಕರು, ಅವಳೂ ನಕ್ಕು ಸರಿದಳು. ಸರಿದದ್ದೇ ಪರದೆಯ ಬೆಳಕು ಮುಖಕ್ಕೆ ಬಿದ್ದು, ಎದುರಿಗಿದ್ದವರೆಲ್ಲ ಕಪ್ಪು ಆಕಾರಗಳಾದರು. ಪುಟ ಬದಲಿಸುವ ಗುಂಡಿ ಒತ್ತಿದರೆ ಎರಡೆರಡು ಪುಟ ಒಟ್ಟಿಗೆ ಹಾರುತ್ತಿದ್ದವು. ಯಾರೋ "ಅದಕ್ಕೂ ತರಬೇತಿ ಬೇಕು" ಎಂದರು. ಅವಳ ದನಿ ಮಾತ್ರ ತಾನೇ ತಾನಾಗಿ, ಚೆನ್ನಾಗಿ ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಸರಾಗವಾಗಿ ನಡೆಯಿತು. ಭೇಟಿಯ ಬೀದಿಗಳಲ್ಲಿ ಕೂಸುಗಳ ಸಾವು ಕಡಿಮೆ, ಕಾಯುವ ಬೀದಿಗಳಲ್ಲಿ ಹೆಚ್ಚು. ಈ ಅಂತರ ಆಕಸ್ಮಿಕವಲ್ಲ. ಎರಡು ಕಂಬಗಳು, ಒಂದು ಗಿಡ್ಡ, ಒಂದು ಉದ್ದ. ಗಿಡ್ಡ ಕಂಬ ಗಿಡ್ಡವೆಂದು ತಿಳಿಯಲು ಪಕ್ಕದಲ್ಲಿ ಉದ್ದದ್ದು ನಿಲ್ಲಲೇಬೇಕು. ಇದನ್ನು ಅವಳು ಎಷ್ಟೋ ಸಲ ತರಬೇತಿಗೆ ಬಂದವರಿಗೆ ಹೇಳಿಕೊಟ್ಟಿದ್ದಳು, ಹೋಲಿಸದೆ ಏನೂ ತಿಳಿಯುವುದಿಲ್ಲ ಎಂದು. ಉದ್ದದ ಕಂಬ ಯಾತರಿಂದ ಕಟ್ಟಿದ್ದೆಂದು ಮಾತ್ರ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಹೋದ ವರ್ಷ, ಹೆರಿಗೆಯಾಗಿ ಕೆಲವೇ ದಿನವಾಗಿದ್ದ ತಂಗಿಯ ಕೋಣೆಯಲ್ಲಿ ಕಿಟಕಿಯ ಪರದೆ ಇಳಿಬಿಟ್ಟಿತ್ತು. ಒಗೆದ ಬಟ್ಟೆಯ, ಹಾಲಿನ, ಬೆಚ್ಚನೆಯ ವಾಸನೆ. ತಂಗಿ ಮಂಚದ ಅಂಚಿನಲ್ಲಿ ಕೂತು ತೊಡೆಯ ಮೇಲಿನ ಕೂಸನ್ನೇ ನೋಡುತ್ತಿದ್ದಳು. ಹೆಣ್ಣು ಕೂಸು, ಕಿವಿಯ ತುದಿ ಇನ್ನೂ ಮಡಚಿಕೊಂಡೇ ಇತ್ತು. "ಅಕ್ಕ, ಇದು ಹೀಗೇನಾ ಉಸಿರಾಡೋದು? ಒಂಥರಾ ಓಡಿ ಬಂದವರ ಹಾಗೆ." ಅವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಚ್ಚಿರಲಿಲ್ಲ, ಕಚೇರಿಗೆ ಹೊತ್ತಾಗಿತ್ತು. ಅಲ್ಲಿಂದ ಕಂಡದ್ದು ಹೊದಿಕೆಯ ಒಂದು ಮಡಿಕೆ, ಅದು ಏರುವುದು ಇಳಿಯುವುದು. ಆಗ ತಲೆಯಲ್ಲಿ ಬಂದ ಮಾತು, ಯಾರ ಹತ್ತಿರವೂ ಇದುವರೆಗೆ ಹೇಳದ ಮಾತು, ಇದು: ಇದು ಕಾಯುವ ಬೀದಿ, ಇಲ್ಲಿ ನಾನು ಏನೂ ಕಲಿಸಬಾರದು. ಕಲಿಸಿದರೆ ತಂಗಿ ಪಕ್ಕದವಳಿಗೆ ಹೇಳುತ್ತಾಳೆ, ಪಕ್ಕದವಳು ಆಚೆಯವಳಿಗೆ. ಒಂದು ಕಡೆಯದು ಇನ್ನೊಂದು ಕಡೆಗೆ ಸೋರಿ ಎರಡು ವರ್ಷದ ಕೆಲಸ ನೀರಾಗುತ್ತದೆ. "ಸರಿಯಿಲ್ಲ ಅನ್ನಿಸಿದ್ರೆ ಡಾಕ್ಟರ ಹತ್ರ ಹೋಗು," ಎಂದಳು. ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. "ತಾಯಿಗೆ ಗೊತ್ತಾಗದೇ ಇರುತ್ತಾ? ನಿನಗೇ ಗೊತ್ತಾಗುತ್ತೆ." ಚೊಚ್ಚಲ ಹೆರಿಗೆಯ ತಂಗಿಗೆ ಏನು ಗೊತ್ತಿತ್ತು? ಅಕ್ಕ ಓದಿದವಳು, ಅಕ್ಕ ಕಂಡೂ ಸುಮ್ಮನಿದ್ದಾಳೆಂದರೆ ಎಲ್ಲ ಸರಿಯೇ ಇದೆ ಎಂದು ಗೊತ್ತಾಯಿತು, ಅಷ್ಟೇ. ಮಾರನೆಯ ದಿನ ಕೂಸು ಹಾಲು ಬಿಟ್ಟಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈಕಾಲು ತಣ್ಣಗಾಗಿದ್ದವು. ಹತ್ತಿರ ಹೋಗಿ ಹೊದಿಕೆ ಸರಿಸಿದ್ದರೆ ಏನು ಕಾಣುತ್ತಿತ್ತೋ. ಬಾಗಿಲಿನಿಂದ ಹಾಸಿಗೆಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

"ಪ್ರಶ್ನೆ ಇದ್ದರೆ ಕೇಳಬಹುದು," ಎಂದು ಅವಳ ದನಿ ಹೇಳಿತು. ಕಪ್ಪು ಆಕಾರಗಳ ಕೊನೆಯಲ್ಲಿ ಒಂದು ಕೈ ಎದ್ದಿತು. ಸಮಿತಿಯಲ್ಲಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್. "ಆ ಉದ್ದದ ಕಂಬದಲ್ಲಿರೋ ಮಕ್ಕಳ ಮನೆಯವರಿಗೆ ಈ ಫಲಿತಾಂಶ ಯಾರಾದ್ರೂ ಹೋಗಿ ಹೇಳಿದೀರಾ?" ದನಿಯಲ್ಲಿ ಆಪಾದನೆಯಿರಲಿಲ್ಲ, ಹಾಜರಿ ಕೇಳುವ ಹಾಗೆ ಕೇಳಿದ್ದರು. ಅವಳು ಗುಂಡಿ ಒತ್ತಿದಳು, ಮತ್ತೆ ಎರಡು ಪುಟ ಒಟ್ಟಿಗೆ ಹಾರಿದವು. ಅಧ್ಯಕ್ಷರೇ ಕೈಹಿಡಿದರು. "ಅಯ್ಯೋ, ಗಾಯದ ಮೇಲೆ ಬರೆ ಎಳೆಯೋದು ಯಾಕೆ ಅಮ್ಮಾ. ಒಳ್ಳೇದಾಗಿದೆ, ಒಳ್ಳೇದನ್ನ ಮಾತಾಡೋಣ. ನಾನು ಹೇಳಿದ್ದೆನಲ್ಲ, ಇಲ್ಲಿ ಮಾಡಿ ತೋರಿಸಿ ಅಂತ? ತೋರಿಸಿಬಿಟ್ರು ನಮ್ಮ ಮೇಡಂ!" ಮನೆಭೇಟಿ ಎಲ್ಲ ಬೀದಿಗೂ ಬರಲಿ ಎಂದು ಒಬ್ಬರೂ ಬಿಡದೆ ಕೈ ಎತ್ತಿದರು. ಚಪ್ಪಾಳೆಯಾಯಿತು. ಅದು ಅದೇ ಜನ, ಅದೇ ಕೈಗಳು, ಬಿಸ್ಕತ್ತಿನ ಡಬ್ಬಿಯ ಅದೇ ಚಪ್ಪಾಳೆ. ಇದರಿಂದ ಬರುವ ವರ್ಷ ಎಷ್ಟೋ ಮನೆಗಳಲ್ಲಿ ಅಳು ಕೇಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದು ಸುಳ್ಳಲ್ಲ, ಸಣ್ಣ ಮಾತೂ ಅಲ್ಲ. ಆದರೆ ಅಳದ ಮನೆಗಳು ಯಾವುವೆಂದು ಯಾರಿಗೂ ಎಂದೂ ತಿಳಿಯುವುದಿಲ್ಲ. ಅತ್ತ ಮನೆಗಳ ಬಾಗಿಲು ಮಾತ್ರ ಗೊತ್ತಿರುತ್ತದೆ. ಹೊರಗೆ ಶೇಕಡಾ ಅವಳ ಕೈ ಕುಲುಕಿ, "ಚೊಕ್ಕವಾಗಿ ಆಯ್ತು ಮೇಡಂ," ಎಂದ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು, ಆ ಶಬ್ದದ ಮರೆಯಲ್ಲಿ ಅಳಲು ನೋಡಿದಳು. ಅಳು ಬರಲಿಲ್ಲ. ಕನ್ನಡಿಯಲ್ಲಿ ಕಂಡ ಹೆಂಗಸು, ಕಂಕುಳ ಹತ್ತಿರ ರವಿಕೆಯ ಹೊಲಿಗೆ ಬಿಟ್ಟದ್ದು ಸಭೆಯುದ್ದಕ್ಕೂ ಎಲ್ಲರಿಗೂ ಕಂಡಿರಬೇಕೆಂದು ಯೋಚಿಸುತ್ತಿದ್ದಳು.

ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ತಂಗಿಯ ಮನೆಯ ಎದುರು, ಭೇಟಿ ಸಿಕ್ಕ ಬೀದಿಯ ಮನೆಯ ಮುಂದೆ ಒಂದು ಮಗು ಅಂಗಳದ ಗೋಡೆ ಹಿಡಿದು ತಪ್ಪುಹೆಜ್ಜೆ ಹಾಕುತ್ತಿತ್ತು. ತಂಗಿಯ ಕೂಸು ಹುಟ್ಟಿದ ವಾರವೇ ಹುಟ್ಟಿದ್ದು. ಅದರ ಅಜ್ಜಿ, "ನಿಧಾನ, ನಿಧಾನ, ಯಾವ ರೈಲು ಹಿಡೀಬೇಕಿದೆ ನಿನಗೆ," ಎನ್ನುತ್ತಿದ್ದಳು. ಅವಳು ಅತ್ತ ನೋಡದೆ ರಸ್ತೆ ದಾಟಿದಳು. ತಂಗಿಯ ಹೊಲಿಗೆ ಮಿಷನ್ನು ಕಿಟಕಿಯ ಪಕ್ಕದಲ್ಲೇ ಇತ್ತು. ದಿನವಿಡೀ ಅಲ್ಲಿ ಕೂತು ಪರದೆ ಹೊಲಿಯುವವಳಿಗೆ ಕತ್ತೆತ್ತಿದರೆ ಕಾಣುವುದು ಆ ಅಂಗಳವೇ. ಮಿಷನ್ನು ಈಚೆಗೆ ಸರಿಸಿಕೋ ಎಂದು ಗಂಡ ಎಷ್ಟು ಸಲ ಹೇಳಿದ್ದನೋ. ತಂಗಿ ಸರಿಸಿರಲಿಲ್ಲ.

"ಏನೇ, ಹೇಳದೆ ಕೇಳದೆ?" ತಂಗಿ ಎದ್ದು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. "ಟೀ ಇಡ್ತೀನಿ ಇರು. ಮುಖ ಯಾಕೆ ಹಾಗಿದೆ? ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ ನೋಡು, ಹೀಗೇ ಆಫೀಸಿಗೆ ಹೋಗಿದ್ಯಾ?"

"ಇವತ್ತು ಸಭೆ ಇತ್ತು. ಒಪ್ಪಿದ್ರು. ಎಲ್ಲಾ ಬೀದಿಗೂ ಬರುತ್ತೆ."

ತಂಗಿ ಪಾತ್ರೆಗೆ ನೀರು ಹಿಡಿಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. "ಹಂಗಂದ್ರೆ ಅದರಿಂದ ಮಕ್ಕಳು ಉಳೀತಾವೆ ಅಂತ ಗೊತ್ತಾಯ್ತು."

"ಹೂಂ."

"ಈ ಕಡೆ ಹೋದ ಮಕ್ಕಳಿಂದಾನೇ ಗೊತ್ತಾಗಿದ್ದು, ಅಲ್ವಾ?"

ತಂಗಿ ಒಲೆ ಹಚ್ಚಿದಳು, ನೀರಿಟ್ಟಳು, ಬೆನ್ನು ಹಾಕಿಕೊಂಡೇ ಹೇಳಿದಳು: "ನಾನೇನು ದಡ್ಡಿ ಅಲ್ಲ ಅಕ್ಕ. ಆ ಪ್ರಶ್ನೆ ಕೇಳೋ ಹುಡುಗಿ ಬಂದಿದ್ಲಲ್ಲ, ನಿಮ್ಮ ಆಫೀಸಿನವಳು. ಕೂಸು ಯಾವಾಗ ಹಾಲು ಬಿಡ್ತು, ಮೈ ಬಿಸಿ ಇತ್ತಾ, ಎಷ್ಟು ಹೊತ್ತಿಗೆ ಹೊರಟ್ರಿ ಅಂತೆಲ್ಲ ಕೇಳಿದ್ಲು. ಇವರು ಒಳಗೆ ಎದ್ದು ಹೋದ್ರು, ಕೇಳಕ್ಕಾಗದೆ. ನಾನು ಕೂತು ಒಂದೂ ಬಿಡದೆ ಹೇಳ್ದೆ. ಆ ಹುಡುಗೀನೇ ಅತ್ತುಬಿಟ್ಲು, ನಾನೇ ನೀರು ಕೊಟ್ಟೆ. ಸುಳ್ಳು ಸೇರಬಾರದು, ಅಕ್ಕನ ಕೆಲಸಕ್ಕೆ ಬೇಕಾಗುತ್ತೆ ಅಂತ ಅಂದ್ಕೊಂಡೆ. ನಮ್ಮದು ಹೋದ್ರೂ ಒಂದು ಲೆಕ್ಕಕ್ಕೆ ಬಂತಲ್ಲ ಅಂತ." ಈಗ ತಿರುಗಿದಳು. "ಇದೆ ತಾನೇ ಅದರಲ್ಲಿ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆ ಅಷ್ಟು ಸುಲಭವಾಗಿ ಬಂದ ಅದೇ ಒಂದು ಅಕ್ಷರ. ತಂಗಿ ಯಾವ ಸಭೆಗೆ ಬಂದು ನೋಡಬೇಕಿತ್ತು? ಆದರೆ ಆ ಕಣ್ಣುಗಳು ಒಣಗಿದ್ದವು, ಕಾಯುತ್ತಿದ್ದವು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕಹಿ ಇದೆಯಾ ಎಂದು ಔಷಧದ ಚಮಚದ ಮುಂದೆ ಕೇಳುತ್ತಿದ್ದ ಹಾಗೆ. ಆಗೆಲ್ಲ ಅವಳು ಇಲ್ಲ ಎಂದೇ ಹೇಳಿ ಕುಡಿಸುತ್ತಿದ್ದಳು.

"ಇಲ್ಲ," ಎಂದಳು. "ಇತ್ತು. ಇವತ್ತು ಬೆಳಿಗ್ಗೆ ತೆಗೆದ್ವಿ. ನನ್ನ ಮನೆಯವರು ಅಂತ, ಯಾರಾದ್ರೂ ಏನಾದ್ರೂ ಅಂತಾರೆ ಅಂತ."

ನೀರು ಕುದಿಯುವ ಸದ್ದು ಶುರುವಾಯಿತು. ತಂಗಿ ಬೈಯುತ್ತಾಳೆ, ಪಾತ್ರೆ ಎತ್ತಿ ಒಗೆಯುತ್ತಾಳೆ ಎಂದು ಅವಳು ಅಂದುಕೊಂಡಳು. ಒಗೆಯಲಿ ಎಂದು ಆಸೆಯೂ ಆಯಿತು. "ಅಲ್ಲಿಂದಲೂ ತೆಗೆದ್ಯಾ?" ಎಂದಳು ತಂಗಿ, ಅಷ್ಟೇ. ಜೋರಾಗಿಯೂ ಅಲ್ಲ. ಒಲೆ ಆರಿಸಿ ಬಂದು ಮಂಚದ ಮೇಲೆ ಕೂತಳು.

"ನಾಳೆ ಹೋಗಿ ವಾಪಸು ಸೇರಿಸ್ತೀನಿ. ಯಾರು ಏನಾದ್ರೂ ಅನ್ಲಿ."

"ಸೇರಿಸಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಫಲಿತಾಂಶ ಹಾಗೇ ಇರುತ್ತೆ."

"ಇದ್ರೆ ಇರ್ಲಿ. ಸೇರಿಸು."

ಅವಳಿಗೆ ಇನ್ನೂ ಹೇಳುವುದಿತ್ತು. ಬಾಗಿಲಲ್ಲಿ ನಿಂತಿದ್ದು, ಚಪ್ಪಲಿ ಬಿಚ್ಚದ್ದು, ತಲೆಯಲ್ಲಿ ಬಂದ ಆ ಮಾತು. "ಅವತ್ತು ನೀನು ಕೇಳಿದೆಯಲ್ಲ, ಕೂಸಿನ ಉಸಿರು..." ಎಂದು ಶುರು ಮಾಡಿದಳು.

"ಗೊತ್ತು," ಎಂದಳು ತಂಗಿ. ಏನು ಗೊತ್ತು, ಎಷ್ಟು ಗೊತ್ತು ಎಂಬುದು ಅವಳ ಮುಖದಲ್ಲಿರಲಿಲ್ಲ. "ಅದೆಲ್ಲ ಈಗ ಬೇಡ. ಅವರು ಮನೆಗೆ ಬಂದು ಏನು ನೋಡ್ತಾರೆ? ಅದನ್ನ ಹೇಳು."

"ಈಗ ಯಾಕೆ..."

"ಎಲ್ಲಾ ಬೀದಿಗೂ ಬರುತ್ತೆ ಅಂದ್ಯಲ್ಲ. ಈಗ ಹೇಳಿದ್ರೆ ನಿನ್ನ ಕೆಲಸ ಏನೂ ಕೆಡಲ್ಲ ತಾನೇ? ಮೂಲೆ ಮನೆಯವಳಿಗೆ ಈ ತಿಂಗಳೇ ದಿನ ತುಂಬುತ್ತೆ. ಆಫೀಸಿನವರು ಬರೋವರೆಗೂ ಅವಳ ಕೂಸು ಕಾಯುತ್ತಾ? ಕಲಿಸು."

ಅವಳು ಕಲಿಸಿದಳು. ಹಾಲು ಕುಡಿಯುವುದನ್ನು ನೋಡಬೇಕು. ಅಂಗಾಲು ಮುಟ್ಟಿ ನೋಡಬೇಕು, ತಣ್ಣಗಿದೆಯೇ ಎಂದು. ಎಲ್ಲಕ್ಕಿಂತ ಮುಖ್ಯ ಉಸಿರು: ಕೂಸು ಶಾಂತವಾಗಿರುವಾಗ ಬಟ್ಟೆ ಸರಿಸಿ, ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಪೂರ್ತಿ ಎಣಿಸಬೇಕು, ಅರ್ಧಕ್ಕೆ ಬಿಟ್ಟು ಅಂದಾಜು ಮಾಡಬಾರದು. ಅರವತ್ತು ಮುಟ್ಟಿತೆಂದರೆ ಇನ್ನೊಮ್ಮೆ ಎಣಿಸಬೇಕು, ಆಗಲೂ ಅಷ್ಟೇ ಬಂದರೆ ಹೊರಟುಬಿಡಬೇಕು. ಉಸಿರು ಎಳೆದುಕೊಂಡಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರಂತೂ ಎಣಿಸುತ್ತಲೂ ಕೂರಬಾರದು. ನೂರಾರು ಹೆಂಗಸರಿಗೆ ಹೇಳಿದ್ದ ಮಾತುಗಳು. ಈಗ ಒಂದೊಂದೂ ಬಾಯಿಂದ ಹೊರಬೀಳುವ ಮೊದಲು ತಡವರಿಸುತ್ತಿತ್ತು. ಹೇಳಿದ್ದನ್ನೆಲ್ಲ ತಂಗಿ ತುಟಿ ಅಲುಗಿಸುತ್ತಾ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಗೋಡೆಯ ಗಡಿಯಾರ ಇಳಿಸಿ ತಂದು ದಿಂಬಿಗೆ ಒರಗಿಸಿಟ್ಟಳು.

"ಮಲಗು," ಎಂದಳು.

"ನಾನಾ?"

"ಮತ್ತೆ ಯಾರಿದ್ದಾರೆ ಇಲ್ಲಿ? ಮಲಗು."

ಅವಳು ಮಂಚದ ಮೇಲೆ ಅಂಗಾತ ಮಲಗಿದಳು. ಅದೇ ಮಂಚ. ತಂಗಿ ಸೆರಗು ಪಕ್ಕಕ್ಕೆ ಸರಿಸಿ, ಕಣ್ಣನ್ನು ಪಕ್ಕೆಯ ಮಟ್ಟಕ್ಕೆ ತಂದು ನೆಲದ ಮೇಲೆ ಮಂಡಿಯೂರಿ ಕೂತಳು. ಇಷ್ಟು ಹತ್ತಿರದಿಂದ ತನ್ನನ್ನು ಯಾರಾದರೂ ನೋಡಿ ಎಷ್ಟೋ ಕಾಲವಾಗಿತ್ತು. ತಂಗಿಯ ತಲೆಯಲ್ಲಿ ನಡು ಬೈತಲೆಯ ಪಕ್ಕ ನರೆ ಮೂಡಿರುವುದು ಕಾಣಿಸಿತು. ಅವಳಿಗಿಂತ ಏಳು ವರ್ಷ ಚಿಕ್ಕವಳು. "ಒಂದು," ಎಂದಳು ತಂಗಿ. "ಎರಡು." ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು. ಚಾವಣಿಯ ಬಿರುಕು ನೋಡುತ್ತಾ ಅವಳು ಸುಮ್ಮನೆ ಉಸಿರಾಡಲು ಪ್ರಯತ್ನಿಸಿದಳು, ಏನೂ ಯೋಚಿಸದೆ, ಕೂಸಿನ ಹಾಗೆ. ಆದರೆ ಬೆಳಿಗ್ಗೆಯಿಂದ, ಹೋದ ವರ್ಷದಿಂದ ಬಾರದೆ ನಿಂತಿದ್ದದ್ದು ಪಕ್ಕೆಯ ಕೆಳಗಿಂದ ಎದ್ದು ಬಂತು; ಎದೆ ಒಮ್ಮೆ ಅದುರಿತು, ತಡೆದಳು, ಮತ್ತೆ ಅದುರಿತು. ತಂಗಿ ಕಣ್ಣು ಕೀಳದೆ, ಒಂದು ಅಂಗೈಯನ್ನು ಮೆಲ್ಲಗೆ ಅವಳ ಹೊಟ್ಟೆಯ ಮೇಲಿಟ್ಟಳು.

"ಅಳಬೇಡ ಅಕ್ಕ," ಎಂದಳು. "ಎಣಿಕೆ ತಪ್ಪುತ್ತೆ."